ಹಳೇ ಪಿಕಪ್ಪಿಗೆ ಹೊಸ ಹಲಗೆ

ಹಳೆಯ ಪಿಕಪ್ ಟ್ರಕ್ ಕೊಳ್ಳಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಎಂಜಿನ್ ಸದ್ದಿಗೆ ಕಿವಿಗೊಡುತ್ತಾರೆ, ಬಾಗಿಲ ಕೆಳಅಂಚಿನಲ್ಲಿ ಬೆರಳಾಡಿಸಿ ತುಕ್ಕು ಹುಡುಕುತ್ತಾರೆ. ಆದರೆ ಗಾಡಿ ಎಷ್ಟು ದುಡಿದಿದೆ ಎಂದು ತಿಳಿಯಬೇಕಾದರೆ ಹಿಂದಕ್ಕೆ ಹೋಗಿ ಸರಕು ಹೇರುವ ತೊಟ್ಟಿಯ ನೆಲ ನೋಡಬೇಕು. ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕದಲ್ಲಿ ತಯಾರಾದ ಪಿಕಪ್‌ಗಳಲ್ಲಿ ಆ ನೆಲ ಸಾಮಾನ್ಯವಾಗಿ ಮರದ್ದು. ಹಾಲಿನ ಕ್ಯಾನುಗಳ ತಳ ಒತ್ತಿದ ಗುರುತು, ಸಲಿಕೆ ಕೆರೆದ ಗೀರು, ಎಣ್ಣೆ ಚೆಲ್ಲಿ ಕಪ್ಪಾದ ಜಾಗ, ಬೇಲಿಯ ಮೊಳೆ ಸಿಕ್ಕಿಕೊಂಡ ಸಂದು ಎಲ್ಲವೂ ಅಲ್ಲಿರುತ್ತವೆ. ಬಹಳಷ್ಟು ಗಾಡಿಗಳಲ್ಲಿ ಆ ಹಲಗೆ ಕೊಳೆತು ಹೋಗಿ, ಅದರ ಜಾಗದಲ್ಲಿ ಯಾರೋ ಒಂದು ಪ್ಲೈವುಡ್ ತುಂಡನ್ನು ಹಾಸಿರುತ್ತಾರೆ.

ಈ ನೆಲವನ್ನು ಮತ್ತೆ ಕಟ್ಟುವುದು ಅಮೆರಿಕದ ಹಳೆಗಾಡಿ ಪ್ರಿಯರಿಗೆ ಮೆಚ್ಚಿನ ಕೆಲಸ. ಎಂಜಿನ್ ಬಿಚ್ಚಲು ಹೆದರುವವರೂ, ಬಣ್ಣದ ಗನ್ ಹಿಡಿಯಲು ಹಿಂಜರಿಯುವವರೂ ಮನೆಯ ಗ್ಯಾರೇಜಿನಲ್ಲಿ ಧೈರ್ಯವಾಗಿ ಕೈಹಾಕುವುದು ಇದಕ್ಕೆ. ಕೆಲಸ ಸುಲಭ ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ಹಲಗೆಗೆ ಮುಪ್ಪು ಬಂದೇ ಬರುತ್ತದೆ ಎಂದು ಒಪ್ಪಿಕೊಂಡು, ಅದನ್ನು ಬದಲಿಸುವ ದಾರಿಯನ್ನು ಮೊದಲೇ ಇಟ್ಟು ಕಟ್ಟಿದ ಭಾಗ ಅದು. ಇಂದಿನ ವಾಹನಗಳಲ್ಲಿ ಅಪರೂಪವಾಗಿರುವ ಆ ವಿವೇಕವನ್ನು ಹತ್ತಿರದಿಂದ ನೋಡುವುದು ಈ ಲೇಖನದ ಉದ್ದೇಶ.

ಚಾಸಿ ಅವರದು, ಬಾಡಿ ನಿಮ್ಮದು

ನಮ್ಮಲ್ಲಿ ಲಾರಿ ಕೊಳ್ಳುವವರು ಚಾಸಿ ತಂದು ಬಾಡಿ ಕಟ್ಟಿಸುವುದು ಹಳೆಯ ರೂಢಿ. ಅಮೆರಿಕದ ಟ್ರಕ್ಕಿನ ಕತೆಯೂ ಹಾಗೆಯೇ ಶುರುವಾಯಿತು. 1917ರಲ್ಲಿ ಫೋರ್ಡ್ ಕಂಪನಿ ಒಂದು ಟನ್ ಹೊರುವ ಮಾಡೆಲ್ ಟಿಟಿಯನ್ನು ಮಾರುಕಟ್ಟೆಗೆ ತಂದಾಗ ಕೊಟ್ಟದ್ದು ಬರೀ ಚಾಸಿ. 1918ರಲ್ಲಿ ಷೆವರ್ಲೆಯೂ ತನ್ನ ಮೊದಲ ಟ್ರಕ್ಕುಗಳನ್ನು ಹಾಗೆಯೇ ಮಾರಿತು. ಹಿಂದಿನ ತೊಟ್ಟಿಯನ್ನು ಊರಿನ ಬಡಗಿಯೋ ಬಂಡಿ ಕಟ್ಟುವವನೋ ಮಾಡಿಕೊಡುತ್ತಿದ್ದ. ಕುದುರೆಗಾಡಿ ಕಟ್ಟಿ ಪಳಗಿದ ಕೈಗೆ ಮರವಲ್ಲದೆ ಬೇರೆ ಸಾಮಗ್ರಿ ಹೊಳೆಯುವ ಪ್ರಶ್ನೆಯೇ ಇರಲಿಲ್ಲ.

1925ರ ಏಪ್ರಿಲ್‌ನಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಕಾರ್ಖಾನೆಯಲ್ಲೇ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರತೊಡಗಿತು. ಐದಡಿಗೂ ಕಡಿಮೆ ಉದ್ದದ ಪುಟ್ಟ ತೊಟ್ಟಿ ಅದು. ಕಾರ್ಖಾನೆಯಿಂದಲೇ ಪೂರ್ತಿಯಾಗಿ ಹೊರಬರುವ ಪಿಕಪ್‌ನ ಕಾಲ ಅಲ್ಲಿಂದ ಬಲವಾಗಿ ಬೇರೂರಿತು. ಜನರಲ್ ಮೋಟಾರ್ಸ್ 1930ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿದ್ದ ಮಾರ್ಟಿನ್-ಪ್ಯಾರಿ ಎಂಬ ಬಾಡಿ ಕಾರ್ಖಾನೆಯನ್ನು ಕೊಂಡು ತನ್ನದೇ ಆದ ಷೆವರ್ಲೆಗೂ ಅದೇ ದಾರಿ ಹಾಕಿಕೊಟ್ಟಿತು. ಅದೇ ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಮುಂಬೈಯಲ್ಲಿ ವಾಹನ ಜೋಡಿಸುತ್ತಿತ್ತು. ಆ ಕಾಲದ ಷೆವರ್ಲೆ ಲಾರಿಗಳ ಹೆಸರು ನಮ್ಮ ಹಿರಿಯರ ಬಾಯಲ್ಲಿ ಉಳಿದದ್ದು ಹಾಗೆ.

ಕೆಲಸ ಕಾರ್ಖಾನೆಗೆ ಹೋದ ಮೇಲೂ ಮರ ಉಳಿಯಿತು. ಆಗಿನ ಮೋಟಾರು ಉದ್ಯಮ ಎಷ್ಟರಮಟ್ಟಿಗೆ ಮರದ ಉದ್ಯಮವೂ ಆಗಿತ್ತೆಂಬುದಕ್ಕೆ ಹೆನ್ರಿ ಫೋರ್ಡ್ ಕೊಂಡ ಕಾಡುಗಳೇ ಸಾಕ್ಷಿ. ಮಿಷಿಗನ್ ರಾಜ್ಯದ ಉತ್ತರದ ಪರ್ಯಾಯ ದ್ವೀಪದಲ್ಲಿ ಆತ ಮೂರು ಲಕ್ಷ ಎಕರೆಗೂ ಹೆಚ್ಚು ಕಾಡು ಕೊಂಡು, ಐರನ್ ಮೌಂಟನ್ ಎಂಬಲ್ಲಿ ದೊಡ್ಡ ಸಾಮಿಲ್ ಹಾಕಿಸಿದ. ಮಾಡೆಲ್ ಟಿಯ ಬಾಡಿಯ ಚೌಕಟ್ಟಿಗೆ ಬೇಕಾದ ಮರ ಅಲ್ಲಿ ಸಿದ್ಧವಾಗುತ್ತಿತ್ತು. ಉಳಿದ ಚೂರು ಚಕ್ಕೆಗಳನ್ನೂ ಎಸೆಯದೆ ಇದ್ದಿಲು ಮಾಡಿ, ಒತ್ತಿ, ಬಿಲ್ಲೆಯಾಗಿ ಮಾರಿದರು. ಅಮೆರಿಕದ ಹಿತ್ತಿಲುಗಳಲ್ಲಿ ಇಂದಿಗೂ ಮಾಂಸ ಸುಡಲು ಬಳಸುವ ಕಿಂಗ್ಸ್‌ಫರ್ಡ್ ಇದ್ದಿಲಿನ ಮೂಲ ಅದೇ.

ಮರವನ್ನು ಉಳಿಸಿದ್ದು ಬರೀ ರೂಢಿಯಲ್ಲ. ಮೇಲಿಂದ ಕಲ್ಲು ಬಿದ್ದರೆ ತಗಡು ತಗ್ಗಾಗುತ್ತದೆ, ಹಲಗೆ ಹೊಡೆತವನ್ನು ನುಂಗಿಕೊಳ್ಳುತ್ತದೆ. ಒದ್ದೆಯಾದ ತಗಡಿನ ಮೇಲೆ ಕರುವಿನ ಕಾಲು ಜಾರುತ್ತದೆ, ಮರದ ಮೇಲೆ ಅಷ್ಟು ಜಾರುವುದಿಲ್ಲ. ಖಾಲಿ ಗಾಡಿ ಕಚ್ಚಾ ರಸ್ತೆಯಲ್ಲಿ ಓಡುವಾಗ ತಗಡಿನ ತೊಟ್ಟಿಯಷ್ಟು ಗಲಾಟೆಯನ್ನು ಮರ ಮಾಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಹಲಗೆ ಮುರಿದರೆ ರೈತ ಪಕ್ಕದ ಊರಿನ ಸಾಮಿಲ್‌ಗೆ ಹೋಗಿ ಅಂಥದ್ದೇ ಇನ್ನೊಂದನ್ನು ಕೊಯ್ಯಿಸಿ ತರಬಹುದಿತ್ತು. ಎರಡನೆಯ ಮಹಾಯುದ್ಧದಲ್ಲಿ ಉಕ್ಕಿಗೆ ಕೊರತೆ ಬಂದಾಗ ಅಮೆರಿಕದ ಸೇನೆಯೂ ಇದೇ ದಾರಿ ಹಿಡಿಯಿತು. ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಎರಡೂವರೆ ಟನ್ನಿನ ಜಿಎಂಸಿ ಸೇನಾ ಟ್ರಕ್ಕಿನ ಉಕ್ಕಿನ ತೊಟ್ಟಿಯ ಬದಲು 1942ರಲ್ಲಿ ಮರದ ತೊಟ್ಟಿ ಬಂತು.

ಸಂದಿನಲ್ಲಿರುವ ಜಾಣ್ಮೆ

ಹಳೆಗಾಡಿ ಪ್ರಿಯರು ಅತಿ ಹೆಚ್ಚು ಪ್ರೀತಿಸುವ ಪಿಕಪ್‌ಗಳಲ್ಲಿ ಒಂದು, 1947ರ ಬೇಸಿಗೆಯಲ್ಲಿ ಬಂದು 1955ರ ಆರಂಭದವರೆಗೆ ನಡೆದ ಷೆವರ್ಲೆ ಅಡ್ವಾನ್ಸ್ ಡಿಸೈನ್. ಅದರ ಅರ್ಧ ಟನ್ನಿನ ಮಾದರಿಗೆ 3100 ಎಂದು ಹೆಸರು. ತೊಟ್ಟಿ ಆರೂವರೆ ಅಡಿ ಉದ್ದ, ನಾಲ್ಕಡಿಗೆ ಸ್ವಲ್ಪ ಹೆಚ್ಚು ಅಗಲ. ನೆಲ ಹೇಗೆ ಕಟ್ಟಿದ್ದಾರೆಂದು ಅದರಲ್ಲಿ ನೋಡಿದರೆ ಉಳಿದ ಗಾಡಿಗಳದ್ದೂ ಅರ್ಥವಾಗುತ್ತದೆ.

ಚಾಸಿಯ ಎರಡು ಉದ್ದ ತೊಲೆಗಳ ಮೇಲೆ ಅಡ್ಡಲಾಗಿ ಕೆಲವು ಅಡ್ಡತೊಲೆಗಳು ಕೂತಿರುತ್ತವೆ. ಅವುಗಳ ಮೇಲೆ ಗಾಡಿಯ ಉದ್ದಕ್ಕೂ ಮುಕ್ಕಾಲು ಇಂಚಿನ ಆಸುಪಾಸು ದಪ್ಪದ ಹಲಗೆಗಳನ್ನು ಜೋಡಿಸುತ್ತಾರೆ. ಹಲಗೆಗಳು ಒಂದಕ್ಕೊಂದು ತಾಗುವುದಿಲ್ಲ. ಎರಡರ ನಡುವೆ ಸಣ್ಣ ಸಂದು ಬಿಟ್ಟಿರುತ್ತಾರೆ. ಆ ಸಂದನ್ನು ಮೇಲಿನಿಂದ ಒಂದು ಉದ್ದನೆಯ ಉಕ್ಕಿನ ಪಟ್ಟಿ ಮುಚ್ಚುತ್ತದೆ. ಪಟ್ಟಿಯ ಅಂಚು ಕೂರಲೆಂದು ಹಲಗೆಯ ಎರಡೂ ಬದಿಗಳಲ್ಲಿ ತೆಳುವಾದ ಕಚ್ಚು ಕೊರೆದಿರುತ್ತದೆ. ಪಟ್ಟಿಯ ಚೌಕ ತೂತಿನಲ್ಲಿ ಇಳಿಯುವ ಬೋಲ್ಟು ಹಲಗೆಯನ್ನು ಕೊರೆಯದೆ ಸಂದಿನ ಮೂಲಕವೇ ಕೆಳಗೆ ಹೋಗಿ ಅಡ್ಡತೊಲೆಯಲ್ಲಿ ಬಿಗಿಯಾಗುತ್ತದೆ. ಬೋಲ್ಟಿನ ಕತ್ತು ಚೌಕವಾಗಿರುವುದರಿಂದ ಕೆಳಗಿನಿಂದ ನಟ್ಟು ತಿರುಗಿಸುವಾಗ ಅದು ತಿರುಗುವುದಿಲ್ಲ. ತೊಟ್ಟಿಯನ್ನು ಚಾಸಿಗೆ ಹಿಡಿದಿಡುವ ಕೆಲವು ದಪ್ಪ ಬೋಲ್ಟುಗಳು ಮಾತ್ರ ಹಲಗೆಯ ಮೂಲಕ ಹಾಯುತ್ತವೆ.

ಹೀಗೆ ಹಲಗೆಗೆ ಮೊಳೆಯೂ ಇಲ್ಲ, ಅಂಟೂ ಇಲ್ಲ. ಪಟ್ಟಿ ಅದನ್ನು ಮೇಲಿನಿಂದ ಅದುಮಿ ಹಿಡಿದಿದೆ, ಅಷ್ಟೆ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬಿ ಬಿಗಿಯಾಗಿ, ಬೇಸಿಗೆಯಲ್ಲಿ ಮತ್ತೆ ಸಡಿಲವಾಗುವಂತೆ ಈ ಹಲಗೆಗಳೂ ಅಗಲದಲ್ಲಿ ಹಿಗ್ಗಿ ಕುಗ್ಗುತ್ತವೆ. ಉದ್ದದಲ್ಲಿ ಮರ ಹೆಚ್ಚೇನೂ ಬದಲಾಗುವುದಿಲ್ಲ, ಅಗಲದಲ್ಲಿ ಬದಲಾಗುತ್ತದೆ. ಲೆಕ್ಕ ಹಾಕಿದರೆ ಇದರ ತೂಕ ತಿಳಿಯುತ್ತದೆ. ಒಲೆಯಲ್ಲಿ ಒಣಗಿಸಿದ ಕೆಂಪು ಓಕ್ ಹಲಗೆಯಲ್ಲಿ ಶೇ 7ರಷ್ಟು ತೇವವಿದ್ದು, ಹೊರಗಿನ ಹವೆಯಲ್ಲಿ ಅದು ಶೇ 13ಕ್ಕೆ ಏರಿದರೆ, ಸಾಮಾನ್ಯ ರೀತಿಯಲ್ಲಿ ಕೊಯ್ದ ಹಲಗೆಯ ಅಗಲ ಶೇ 2ಕ್ಕಿಂತ ಸ್ವಲ್ಪ ಹೆಚ್ಚೇ ಬೆಳೆಯುತ್ತದೆ. ಆರು ಇಂಚಿನ ಹಲಗೆಗೆ ಅದು ಮೂರು ಮಿಲಿಮೀಟರಿಗೂ ಮೇಲು. ಇಡೀ ತೊಟ್ಟಿಯ ಅಗಲಕ್ಕೆ ಕೂಡಿಸಿದರೆ ಒಂದಿಂಚು ದಾಟುತ್ತದೆ. ಸಂದು ಬಿಡದೆ ಒತ್ತೊತ್ತಾಗಿ ಜೋಡಿಸಿದರೆ ಆ ಒಂದಿಂಚಿಗೆ ಹೋಗಲು ಜಾಗವಿಲ್ಲ. ಹಲಗೆ ಮೇಲಕ್ಕೆ ಕಮಾನಾಗುತ್ತದೆ, ಇಲ್ಲವೆ ತೊಟ್ಟಿಯ ಬದಿಯ ತಗಡನ್ನೇ ಹೊರಕ್ಕೆ ತಳ್ಳುತ್ತದೆ.

ಉಕ್ಕಿನ ಪಟ್ಟಿಗೆ ಇನ್ನೂ ಒಂದು ಕೆಲಸವಿದೆ. ಹಲಗೆಗಿಂತ ತುಸು ಮೇಲೆದ್ದು ನಿಂತಿರುವುದರಿಂದ ಪೆಟ್ಟಿಗೆಯನ್ನು ಎಳೆದಾಗ ಅದು ಪಟ್ಟಿಯ ಮೇಲೆ ಜಾರುತ್ತದೆ, ಮರ ಸವೆಯುವುದು ತಪ್ಪುತ್ತದೆ. ಮರ ಭಾರ ಹೊತ್ತರೆ ಉಕ್ಕು ಉಜ್ಜಾಟ ಸಹಿಸುತ್ತದೆ, ಸಂದು ಹವೆಯ ಏರಿಳಿತಕ್ಕೆ ಜಾಗ ಕೊಡುತ್ತದೆ. ಮೂರೂ ಸೇರಿದರೇ ಅದು ಪೂರ್ತಿ ನೆಲ. ಹಾಗಾಗಿ ಈ ಕೆಲಸಕ್ಕೆ ಇಳಿದವರು ಹಲಗೆಯ ಅಂದಕ್ಕೆ ಎಷ್ಟು ಗಮನ ಕೊಡುತ್ತಾರೋ ಅಷ್ಟೇ ಗಮನವನ್ನು ಸಂದಿನ ಅಳತೆಗೂ ಕೊಡಬೇಕು.

ಬಿಚ್ಚುವುದರಲ್ಲೇ ಅರ್ಧ ಕೆಲಸ

ಹಳೆಯ ನೆಲ ಎಷ್ಟೇ ಕೊಳೆತಿರಲಿ, ಅದು ಹೊಸ ನೆಲದ ನಕ್ಷೆ. ಕಿತ್ತು ಒಲೆಗೆ ಹಾಕುವ ಮುನ್ನ ಪ್ರತಿ ಹಲಗೆಗೂ ಸಂಖ್ಯೆ ಬರೆದು, ಯಾವ ತುದಿ ಮುಂದಿತ್ತು, ಯಾವ ಮುಖ ಮೇಲಿತ್ತು ಎಂದು ಗುರುತು ಮಾಡಿ, ಫೋಟೊ ತೆಗೆದಿಟ್ಟುಕೊಳ್ಳಬೇಕು. ಅಂಚಿನ ಹಲಗೆಗಳು ಉಳಿದವುಗಳಿಗಿಂತ ಭಿನ್ನವಾಗಿರಬಹುದು. ಚಾಸಿಯ ಬೋಲ್ಟು ಹಾಯುವ ತೂತು ಯಾವ ಹಲಗೆಯಲ್ಲಿ, ತುದಿಯಿಂದ ಎಷ್ಟು ದೂರದಲ್ಲಿದೆ ಎಂಬುದಕ್ಕೆ ಹಳೆಯ ಹಲಗೆಗಿಂತ ನಂಬಿಕಸ್ತ ಸಾಕ್ಷಿ ಸಿಗುವುದಿಲ್ಲ.

ಬೋಲ್ಟುಗಳು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ದಶಕಗಳ ತುಕ್ಕಿನಲ್ಲಿ ನಟ್ಟು ಬೋಲ್ಟು ಒಂದೇ ಲೋಹದಂತೆ ಬೆಸೆದುಕೊಂಡಿರುತ್ತವೆ. ತುಕ್ಕು ಸಡಿಲಿಸುವ ಎಣ್ಣೆಯನ್ನು ಮುನ್ನಾದಿನವೇ ಬಿಟ್ಟು ಕಾಯುವುದು ಒಂದು ದಾರಿ. ಚೌಕ ಕತ್ತು ಸವೆದು ಬೋಲ್ಟು ಸುಮ್ಮನೆ ಸುತ್ತತೊಡಗಿದರೆ ಗ್ರೈಂಡರ್ ಹಿಡಿದು ಕೆಳಗಿನಿಂದ ನಟ್ಟನ್ನು ಕತ್ತರಿಸುವುದೇ ಸರಿ. ಬೋಲ್ಟು ಹೊಸದು ಸಿಗುತ್ತದೆ. ಹಳೆಯ ಪಟ್ಟಿ ಸೊಟ್ಟಗಾದರೆ ನೇರ ಮಾಡುವುದು ಕಷ್ಟ. ಗ್ರೈಂಡರಿನ ಕಿಡಿ ಒಣಹುಲ್ಲು, ಎಣ್ಣೆ ಕುಡಿದ ಮರ, ಪೆಟ್ರೋಲ್ ಪೈಪು ಇರುವ ಜಾಗದಲ್ಲಿ ಹಾರುತ್ತದೆ ಎಂಬ ಎಚ್ಚರವಿರಬೇಕು. ಹಳೆಯ ಬಣ್ಣ ಉಜ್ಜುವಾಗಲೂ ಮುಖಕ್ಕೆ ಸರಿಯಾದ ಮಾಸ್ಕ್ ಬೇಕು. ಆ ಕಾಲದ ಬಣ್ಣಗಳಲ್ಲಿ ಸೀಸ ಸಾಮಾನ್ಯವಾಗಿತ್ತು. ಅಮೆರಿಕ ಮನೆಗಳ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದೇ 1978ರಲ್ಲಿ.

ಹಲಗೆ ತೆಗೆದ ಮೇಲೆ ಗಾಡಿಯ ಮುಚ್ಚಿಟ್ಟ ಭಾಗ ಕಾಣಿಸುತ್ತದೆ. ಸಂದಿನಲ್ಲಿ ಸೇರಿದ ಮಣ್ಣು, ಹೊಟ್ಟು, ಗೊಬ್ಬರ ಅಡ್ಡತೊಲೆಯ ಮೇಲೆ ಕೂತು ತೇವ ಹಿಡಿದುಕೊಂಡಿರುತ್ತದೆ. ಮರ ಕೊಳೆಯುವುದೂ ಕಬ್ಬಿಣ ತುಕ್ಕು ಹಿಡಿಯುವುದೂ ಅಲ್ಲೇ. ತೇವ ಶೇ 20ಕ್ಕಿಂತ ಕೆಳಗಿದ್ದರೆ ಮರವನ್ನು ಕೊಳೆಯಿಸುವ ಶಿಲೀಂಧ್ರ ಬೆಳೆಯದು; ಮಣ್ಣು ಕೂತ ಜಾಗದಲ್ಲಿ ತೇವ ಆ ಗೆರೆ ದಾಟಿ ನಿಲ್ಲುತ್ತದೆ. ಹಾಗಾಗಿ ಹೊಸ ಹಲಗೆಯ ಆಸೆಯಲ್ಲಿ ಅಡ್ಡತೊಲೆಯನ್ನು ಮರೆಯಬಾರದು. ತುಕ್ಕು ಉಜ್ಜಿ, ಸವೆದದ್ದನ್ನು ಬದಲಿಸಿ, ಪ್ರೈಮರ್ ಮತ್ತು ಬಣ್ಣ ಕೊಟ್ಟ ಮೇಲಷ್ಟೇ ಮರದ ಮಾತು. ಕೆಲವು ಗಾಡಿಗಳಲ್ಲಿ ಚಾಸಿಗೂ ತೊಟ್ಟಿಗೂ ನಡುವೆ ಮರದ ದಿಮ್ಮಿಗಳಿರುತ್ತವೆ. ಅವು ಕುಸಿದಿದ್ದರೆ ತೊಟ್ಟಿ ಒಂದು ಕಡೆಗೆ ವಾಲುತ್ತದೆ, ಆಮೇಲೆ ಹಿಂಬಾಗಿಲು ಎಷ್ಟು ಹೊಂದಿಸಿದರೂ ಹೊಂದುವುದಿಲ್ಲ.

ಯಾವ ಮರ?

ಈ ಪ್ರಶ್ನೆಗೆ ಹಳೆಗಾಡಿ ಪ್ರಿಯರು ಗಂಟೆಗಟ್ಟಲೆ ವಾದಿಸುತ್ತಾರೆ. ಸಾಮಾನ್ಯವಾಗಿ ಕೇಳಿಬರುವ ಹೆಸರುಗಳು ಓಕ್, ಆ್ಯಶ್ ಮತ್ತು ದಕ್ಷಿಣ ರಾಜ್ಯಗಳ ಹಳದಿ ಪೈನ್. ಜನರಲ್ ಮೋಟಾರ್ಸ್ ತನ್ನ ತೊಟ್ಟಿಗಳಿಗೆ ಹೆಚ್ಚಾಗಿ ಬಳಸಿದ್ದು ಹಳದಿ ಪೈನ್. ಗಟ್ಟಿತನವನ್ನು ಅಳೆಯಲು ಜಾಂಕಾ ಎಂಬ ಪರೀಕ್ಷೆಯಿದೆ. ಹನ್ನೊಂದು ಮಿಲಿಮೀಟರ್ ಚಿಲ್ಲರೆ ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಗೆ ಒತ್ತಲು ಎಷ್ಟು ಪೌಂಡ್ ಬಲ ಬೇಕು ಎಂಬ ಲೆಕ್ಕ. ಬಿಳಿ ಓಕ್‌ಗೆ 1360, ಬಿಳಿ ಆ್ಯಶ್‌ಗೆ 1320, ಕೆಂಪು ಓಕ್‌ಗೆ 1290. ಉದ್ದ ಎಲೆಯ ಪೈನ್‌ಗೆ 870, ಇಂದು ತೋಪುಗಳಲ್ಲಿ ಬೆಳೆಯುವ ಲಾಬ್ಲಾಲಿ ಪೈನ್‌ಗೆ 690. ಹೋಲಿಕೆಗೆ ಹೇಳುವುದಾದರೆ ತೇಗ ಸಾವಿರದ ಆಸುಪಾಸು.

ಗಟ್ಟಿತನ ಒಂದೇ ಸಾಲದು, ನೀರನ್ನು ತಡೆಯುವ ಗುಣವೂ ಬೇಕು. ಕೆಂಪು ಓಕ್ ಮತ್ತು ಬಿಳಿ ಓಕ್ ನೋಟಕ್ಕೆ ಅಣ್ಣತಮ್ಮಂದಿರಾದರೂ ನೀರಿನ ವಿಷಯದಲ್ಲಿ ತದ್ವಿರುದ್ಧ. ಕೆಂಪು ಓಕ್‌ನ ನಾಳಗಳು ತೆರೆದೇ ಇರುತ್ತವೆ. ಒಂದು ತುಂಡಿನ ತುದಿಯನ್ನು ನೀರಿನಲ್ಲಿಟ್ಟು ಇನ್ನೊಂದು ತುದಿಯಿಂದ ಊದಿದರೆ ಗುಳ್ಳೆ ಏಳುತ್ತದೆ. ಬಿಳಿ ಓಕ್‌ನ ಚೇಗಿನಲ್ಲಿ ಅದೇ ನಾಳಗಳು ಮರ ತಾನೇ ಬೆಳೆಸಿಕೊಂಡ ಪೊರೆಗಳಿಂದ ಮುಚ್ಚಿರುತ್ತವೆ. ವಿಸ್ಕಿ ತುಂಬುವ ಪೀಪಾಯಿಗೆ ಬಿಳಿ ಓಕ್ ಬಳಸುವುದು ಅದಕ್ಕೇ. ಮಳೆಯಲ್ಲಿ ನಿಲ್ಲುವ, ದಿನವೂ ದುಡಿಯುವ ಗಾಡಿಗೆ ಓಕ್ ಹಾಕುವವರು ಬಿಳಿಯದನ್ನೇ ಆರಿಸುವುದು ಮೇಲು.

ಓಕ್‌ಗೆ ಒಂದು ದೋಷವಿದೆ. ಅದರಲ್ಲಿರುವ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿದರೆ ನೀಲಿಗಪ್ಪು ಕಲೆಯಾಗುತ್ತದೆ. ಗ್ರೈಂಡರಿನಿಂದ ಉದುರಿದ ಕಬ್ಬಿಣದ ಪುಡಿ ಒದ್ದೆ ಓಕ್ ಮೇಲೆ ಬಿದ್ದರೂ ಸಾಕು, ಮರುದಿನ ಚುಕ್ಕೆ ಚುಕ್ಕೆ ಕಪ್ಪು. ಹಾಗಾಗಿ ಓಕ್ ನೆಲಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಅಥವಾ ಚೆನ್ನಾಗಿ ಬಣ್ಣ ಬಳಿದ ಪಟ್ಟಿ, ಲೇಪ ಕೊಟ್ಟ ಬೋಲ್ಟು ಹೊಂದುತ್ತದೆ. ಅಂಗಡಿಯಲ್ಲಿ ಸಿಗುವ, ತಾಮ್ರದ ರಾಸಾಯನಿಕ ಕುಡಿಸಿದ ಪೈನ್ ಕೊಳೆಯುವುದಿಲ್ಲ ಎಂಬ ಆಕರ್ಷಣೆಗೂ ಒಳಗಾಗಬಾರದು. ಅದರಲ್ಲಿನ ತಾಮ್ರ ಉಕ್ಕನ್ನೂ ಸತುವಿನ ಲೇಪವನ್ನೂ ತಿನ್ನುತ್ತದೆ. ಮರವೂ ಹಸಿಯಾಗಿ ಬಂದಿರುವುದರಿಂದ ಒಣಗುವಾಗ ತಿರುಚಿಕೊಳ್ಳುತ್ತದೆ.

ಮರದ ಆಯ್ಕೆ ಅಮೆರಿಕದ ಕಾಡಿನ ಕತೆಯನ್ನೂ ಹೇಳುತ್ತದೆ. ಉದ್ದ ಎಲೆಯ ಪೈನ್ ಕಾಡು ಒಂದು ಕಾಲದಲ್ಲಿ ವರ್ಜೀನಿಯಾದಿಂದ ಟೆಕ್ಸಾಸ್‌ವರೆಗೆ ಸುಮಾರು 9 ಕೋಟಿ ಎಕರೆಯಲ್ಲಿ ಹರಡಿತ್ತು. ಕಡಿದು ಕಡಿದು ಇಪ್ಪತ್ತನೆಯ ಶತಮಾನದ ಕೊನೆಗೆ 30 ಲಕ್ಷ ಎಕರೆಯ ಆಸುಪಾಸಿಗೆ ಇಳಿಯಿತು. ನೂರಾರು ವರ್ಷ ನಿಧಾನವಾಗಿ ಬೆಳೆದ ಆ ಮರದ ಚೇಗಿನಲ್ಲಿ ಉಂಗುರಗಳು ಒತ್ತೊತ್ತಾಗಿ, ರಾಳ ತುಂಬಿಕೊಂಡು ಗಟ್ಟಿಯಾಗಿರುತ್ತಿದ್ದವು. ಇಂದು ಹಳದಿ ಪೈನ್ ಎಂದು ಸಿಗುವುದು ಬಹುಮಟ್ಟಿಗೆ ಬೇಗ ಬೆಳೆದ ತೋಪಿನ ಮರ. ಪೈನ್ ನೆಲವನ್ನೇ ಬಯಸುವವರು ಉಂಗುರ ಒತ್ತಾಗಿರುವ ಹಲಗೆಯನ್ನು ಹುಡುಕಿ ಆರಿಸಬೇಕು. ಹಳೆಯ ಕಟ್ಟಡ ಕೆಡವಿದಾಗ ಸಿಗುವ ತೊಲೆಗಳನ್ನು ಕೊಯ್ಯಿಸುವವರೂ ಇದ್ದಾರೆ.

ಆ್ಯಶ್ ಮರದ್ದು ಇನ್ನೊಂದು ದುಃಖ. ಹಗುರ, ಬಾಗುವ ಗುಣ, ಬಲ ಮೂರೂ ಇರುವ ಈ ಮರ ಗಾಡಿ ಕಟ್ಟುವವರ ಅಚ್ಚುಮೆಚ್ಚು. ಬೇಸ್‌ಬಾಲ್ ದಾಂಡು ಮಾಡುತ್ತಿದ್ದದ್ದೂ ಅದರಲ್ಲೇ. ಏಷ್ಯಾದಿಂದ ಬಂದ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹೊಳೆಯುವ ಹಸಿರು ಜೀರುಂಡೆಯನ್ನು ಅಮೆರಿಕದಲ್ಲಿ ಮೊದಲು ಗುರುತಿಸಿದ್ದು 2002ರಲ್ಲಿ, ಮೋಟಾರು ನಗರಿ ಡೆಟ್ರಾಯಿಟ್‌ನ ಸುತ್ತಮುತ್ತ. ಅದರ ಮರಿಹುಳು ತೊಗಟೆಯ ಕೆಳಗೆ ಸುರಂಗ ಕೊರೆದು ಮರದ ಆಹಾರದ ದಾರಿಯನ್ನೇ ಕತ್ತರಿಸುತ್ತದೆ. ಕೋಟ್ಯಂತರ ಆ್ಯಶ್ ಮರಗಳು ಅದಕ್ಕೆ ಬಲಿಯಾಗಿವೆ. ಇಂದು ಆ್ಯಶ್ ಹಲಗೆ ಕೊಳ್ಳುವವರು ಮುಂದಿನ ತಲೆಮಾರಿಗೆ ಸಿಗುವ ಖಾತರಿಯಿಲ್ಲದ ಮರವನ್ನು ಕೊಳ್ಳುತ್ತಿದ್ದಾರೆ. ಅದನ್ನು ಪೋಲು ಮಾಡದೆ ಬಳಸುವ ಹೊಣೆಯೂ ಅವರ ಮೇಲಿದೆ.

ಎಣ್ಣೆ, ವಾರ್ನಿಷ್, ಬಣ್ಣ

ಹಲಗೆ ಬಂದ ಕೂಡಲೇ ಜೋಡಿಸಬಾರದು. ಗಾಡಿ ನಿಲ್ಲುವ ಜಾಗದಲ್ಲೇ ಹಲಗೆಗಳ ನಡುವೆ ಪಟ್ಟಿಯಿಟ್ಟು, ಗಾಳಿ ಆಡುವಂತೆ ಪೇರಿಸಿ ಕೆಲವು ವಾರ ಬಿಡಬೇಕು. ಅಲ್ಲಿನ ಹವೆಗೆ ಮರ ಒಗ್ಗಿದ ಮೇಲೆ ಕೊಯ್ದು, ಕಚ್ಚು ಕೊರೆದು, ತೂತು ಹಾಕಬೇಕು. ಜೋಡಿಸುವ ಮುಂಚೆ ಮೇಲ್ಮುಖ, ಕೆಳಮುಖ, ಎರಡು ಅಂಚು, ಎರಡು ತುದಿ ಹೀಗೆ ಆರೂ ಬದಿಗೆ ಲೇಪ ಕೊಡುವುದು ಕಡ್ಡಾಯ. ಮೇಲಷ್ಟೇ ಬಳಿದರೆ ಕೆಳಗಿನಿಂದ ತೇವ ಹೀರಿ ಹಲಗೆ ತಟ್ಟೆಯಂತೆ ಬಾಗುತ್ತದೆ. ಅದರಲ್ಲೂ ಕೊಯ್ದ ತುದಿಗಳು ಉಳಿದ ಭಾಗಕ್ಕಿಂತ ಬಲು ಬೇಗ ನೀರು ಕುಡಿಯುತ್ತವೆ. ಅಲ್ಲಿಗೆ ಮತ್ತೆ ಮತ್ತೆ ಲೇಪ ಬೇಕು, ತೂತುಗಳ ಒಳಗೋಡೆಗೂ ಬೇಕು.

ಲೇಪ ಯಾವುದು ಎಂಬುದು ಗಾಡಿಯ ಬದುಕನ್ನು ನೋಡಿ ತೀರ್ಮಾನಿಸುವ ವಿಷಯ. ಕುದಿಸಿದ ಅಗಸೆ ಎಣ್ಣೆಗೆ ಟರ್ಪೆಂಟೈನ್ ಸೇರಿಸಿ ಹಚ್ಚುವುದು ಹಳೆಯ ಕ್ರಮ. ಅದು ಮರದೊಳಗೆ ಇಳಿಯುತ್ತದೆ, ಸಿಪ್ಪೆ ಏಳುವುದಿಲ್ಲ, ಮಾಸಿದಾಗ ಒಂದು ಬಟ್ಟೆ ಹಿಡಿದು ಮತ್ತೆ ಉಜ್ಜಿದರೆ ಮುಗಿಯಿತು. ಆದರೆ ರಕ್ಷಣೆ ಕಡಿಮೆ, ವರ್ಷವರ್ಷವೂ ಕೈಯಾಡಿಸಬೇಕು. ದೋಣಿಗಳಿಗೆಂದು ಹುಟ್ಟಿದ ಸ್ಪಾರ್ ವಾರ್ನಿಷ್ ಮರದೊಂದಿಗೆ ಹಿಗ್ಗಿ ಕುಗ್ಗುವಷ್ಟು ಮೆದು, ಬಿಸಿಲಿನ ಅತಿನೇರಳೆ ಕಿರಣವನ್ನೂ ಒಂದಷ್ಟು ತಡೆಯುತ್ತದೆ. ಮರದ ಎಳೆಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಪದಾರ್ಥವನ್ನು ಬಿಸಿಲು ಒಡೆಯುತ್ತದೆ. ಹೊರಗೆ ನಿಂತ ಮರ ಬೂದಿ ಬಣ್ಣಕ್ಕೆ ತಿರುಗುವುದು, ಗಾಜಿನಂಥ ಲೇಪ ಬುಡದಿಂದಲೇ ಸಡಿಲವಾಗಿ ಸಿಪ್ಪೆ ಏಳುವುದು ಅದರಿಂದಲೇ. ಬಿಸಿಲಿಗೆ ಎಲ್ಲಕ್ಕಿಂತ ಚೆನ್ನಾಗಿ ತಡೆಯೊಡ್ಡುವುದು ಬಣ್ಣ. ಕಾರ್ಖಾನೆಗಳೂ ಕೆಲಸದ ಗಾಡಿಗಳ ನೆಲಕ್ಕೆ ಬಳಿದದ್ದು ಹೆಚ್ಚಾಗಿ ಬಣ್ಣವನ್ನೇ.

ಅಗಸೆ ಎಣ್ಣೆ ಬಳಸುವವರು ಒಂದು ಎಚ್ಚರಿಕೆಯನ್ನು ಎಂದೂ ಮರೆಯಬಾರದು. ಆ ಎಣ್ಣೆ ಒಣಗುವುದು ಆರಿ ಹೋಗಿ ಅಲ್ಲ, ಗಾಳಿಯ ಆಮ್ಲಜನಕದೊಂದಿಗೆ ಸೇರಿ. ಆಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ಶಾಖ ಒಳಗೇ ಸೇರಿ ಬೆಂಕಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರುವರಿ 23ರಂದು ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಅಗಸೆ ಎಣ್ಣೆ ಹೀರಿದ ಇಂಥ ಬಟ್ಟೆಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಬಟ್ಟೆಯನ್ನು ಹೊರಗೆ ಒಂದೊಂದಾಗಿ ಹರಡಿ ಒಣಗಿಸಬೇಕು, ಇಲ್ಲವೆ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬದಲ್ಲಿ ಹಾಕಬೇಕು.

ಜೋಡಣೆಗೆ ಬಂದರೆ ಅವಸರವೇ ಶತ್ರು. ಅಡ್ಡತೊಲೆ, ಮುಂದಿನ ತಗಡು, ಬದಿಯ ತಗಡು ಮೊದಲು ಸಡಿಲವಾಗಿ ನಿಲ್ಲಬೇಕು. ತೊಟ್ಟಿಯ ಎರಡು ಮೂಲೆಗೆರೆಗಳನ್ನು ಟೇಪು ಹಿಡಿದು ಅಳೆದು, ಎರಡೂ ಸಮ ಬರುವವರೆಗೆ ಹೊಂದಿಸಬೇಕು. ಆಮೇಲೆ ಹಲಗೆ, ಪಟ್ಟಿ, ಬೋಲ್ಟು. ಎಲ್ಲ ಬೋಲ್ಟುಗಳನ್ನೂ ಕೈಯಲ್ಲಿ ತಿರುಗಿಸಿ ಕೂರಿಸಿ, ಸಂದುಗಳೆಲ್ಲ ಒಂದೇ ಅಳತೆಯಲ್ಲಿವೆಯೇ ಎಂದು ನೋಡಿ, ನಡುವಿನಿಂದ ಹೊರಕ್ಕೆ ಒಂದೊಂದು ಸುತ್ತು ಬಿಗಿಯುತ್ತಾ ಬರಬೇಕು. ಪಟ್ಟಿ ಹಲಗೆಯನ್ನು ಹಿಡಿದರೆ ಸಾಕು, ಹಿಂಡಬಾರದು.

ಹೊಳಪೋ ದುಡಿಮೆಯೋ

ಇಂದು ಪ್ರದರ್ಶನಗಳಿಗೆ ಬರುವ ಹಲವು ಪಿಕಪ್‌ಗಳ ನೆಲ ಊಟದ ಮೇಜಿನಂತೆ ಹೊಳೆಯುತ್ತದೆ. ವಾಲ್‌ನಟ್, ಚೆರ್ರಿಯಂಥ ಬೆಲೆಬಾಳುವ ಮರ, ಮುಖ ಕಾಣುವ ಪಾಲಿಶ್, ಕನ್ನಡಿಯಂಥ ಸ್ಟೀಲ್ ಪಟ್ಟಿ. ಮರಗೆಲಸದ ಕೌಶಲವಾಗಿ ಅದನ್ನು ಮೆಚ್ಚಲೇಬೇಕು. ಮರ ಅಲಂಕಾರವಾಗುವ ಒಲವು ಕಾರ್ಖಾನೆಗಳಿಗೂ ಹೊಸದಲ್ಲ. 1978 ಮತ್ತು 1979ರಲ್ಲಿ ಡಾಡ್ಜ್ ಕಂಪನಿ ತಂದ ಲಿಲ್ ರೆಡ್ ಎಕ್ಸ್‌ಪ್ರೆಸ್ ಎಂಬ ಕೆಂಪು ಪಿಕಪ್ ತೊಟ್ಟಿಯ ಹೊರಬದಿಗೇ ಓಕ್ ಹಲಗೆ ತೊಟ್ಟಿತ್ತು. ಆದರೆ ಸಲಿಕೆ ತಾಗಿದರೆ ಅಳುವಂಥ ನೆಲದ ಮೇಲೆ ಯಾರೂ ಏನನ್ನೂ ಹೇರುವುದಿಲ್ಲ. ಭಾರ ಹೊರಲು ಹೆದರುವ ನೆಲ ಇದ್ದರೆ ಪಿಕಪ್ ತನ್ನ ಹೆಸರಿಗೆ ಮಾತ್ರ ಪಿಕಪ್. ನನ್ನ ಮನಸ್ಸು ಬಣ್ಣ ಬಳಿದ ಪೈನ್ ನೆಲದ ಕಡೆಗೇ. ಅದರ ಮೇಲೆ ಗೊಬ್ಬರದ ಮೂಟೆ ಹಾಕಬಹುದು, ಗೀರು ಬಿದ್ದರೆ ಬಣ್ಣ ಬಳಿಯಬಹುದು, ಮುರಿದರೆ ಒಂದು ಹಲಗೆ ಬದಲಿಸಬಹುದು.

ಉಕ್ಕು ಮರವನ್ನು ಹಿಂದಿಕ್ಕಿದ್ದು ಒಮ್ಮೆಲೇ ಅಲ್ಲ. 1957ರಲ್ಲಿ ಫೋರ್ಡ್‌ನ ಸ್ಟೈಲ್‌ಸೈಡ್, ಮರುವರ್ಷ ಷೆವರ್ಲೆಯ ಫ್ಲೀಟ್‌ಸೈಡ್ ಬಂದು ತೊಟ್ಟಿಯ ಬದಿಗಳು ಅಗಲವಾದವು. ದೊಡ್ಡ ಒತ್ತುಯಂತ್ರದಲ್ಲಿ ಏಣು ಮೂಡಿಸಿದ ತಗಡನ್ನು ಒಂದೇ ಏಟಿಗೆ ತೆಗೆದು ಬೆಸೆಯುವುದು, ಹಲಗೆ ಹಲಗೆಯಾಗಿ ಜೋಡಿಸುವುದಕ್ಕಿಂತ ಕಾರ್ಖಾನೆಗೆ ಅಗ್ಗವಾಯಿತು. ಹಳೆಯ ಬಗೆಯ ಕಿರಿದಾದ ತೊಟ್ಟಿಯನ್ನೇ ಉಳಿಸಿಕೊಂಡ ಷೆವರ್ಲೆಯ ಸ್ಟೆಪ್‌ಸೈಡ್‌ನಲ್ಲಿ ಮಾತ್ರ ಮರದ ನೆಲ 1980ರ ದಶಕದವರೆಗೂ ಉಳಿಯಿತು.

ಉಕ್ಕು ಬಂದ ಮೇಲೆ ಸಮಸ್ಯೆ ಬಗೆಹರಿಯಿತೇ? ತಗಡು ತಗ್ಗಾಯಿತು, ಬಣ್ಣ ಕೆರೆದಲ್ಲಿ ತುಕ್ಕು ಹಿಡಿಯಿತು. ಅದನ್ನು ತಡೆಯಲು ಪ್ಲಾಸ್ಟಿಕ್ ಹಾಸು, ಸಿಂಪಡಿಸುವ ರಬ್ಬರಿನಂಥ ಲೇಪ ಬಂದವು. ಸವೆತವನ್ನು ತನ್ನ ಮೇಲೆ ತೆಗೆದುಕೊಂಡು ಕೆಳಗಿನದನ್ನು ಕಾಯುವ ಆ ಕೆಲಸವನ್ನು ಹಿಂದೆ ಹಲಗೆಯೇ ಮಾಡುತ್ತಿತ್ತು. ಫೋರ್ಡ್ ತನ್ನ ಎಫ್-150ರ ಬಾಡಿಯನ್ನು ಅಲ್ಯೂಮಿನಿಯಂಗೆ ಬದಲಿಸಿದ ಮೇಲೆ, 2016ರಲ್ಲಿ ಷೆವರ್ಲೆ ಎರಡೂ ಕಂಪನಿಗಳ ತೊಟ್ಟಿಗೆ ಕಲ್ಲಿನ ಇಟ್ಟಿಗೆಗಳನ್ನು ಸುರಿಯುವ ಜಾಹೀರಾತು ಮಾಡಿತು. ಅಲ್ಯೂಮಿನಿಯಂ ತೂತುಬಿತ್ತು, ಉಕ್ಕು ತಗ್ಗಾಯಿತು. ತೊಟ್ಟಿಯ ನೆಲ ಯಾವುದರದಿರಬೇಕು ಎಂಬ ವಾದ ನೂರು ವರ್ಷವಾದರೂ ಮುಗಿದಿಲ್ಲ. ಈ ನಡುವೆ ಮರವೂ ರಸ್ತೆ ಬಿಟ್ಟು ಹೋಗಿಲ್ಲ. ಅಮೆರಿಕದ ಹೆದ್ದಾರಿಗಳಲ್ಲಿ ಓಡುವ ದೊಡ್ಡ ಟ್ರೇಲರ್‌ಗಳಲ್ಲಿ ಅಂಟಿಸಿ ಮಾಡಿದ ಓಕ್ ನೆಲ ಇಂದಿಗೂ ಸಾಮಾನ್ಯ. ಹಡಗಿನಲ್ಲಿ ಜಗತ್ತು ಸುತ್ತುವ ಕಂಟೇನರ್‌ಗಳ ನೆಲ ಬಹುಮಟ್ಟಿಗೆ 28 ಮಿಲಿಮೀಟರ್ ದಪ್ಪದ ಪ್ಲೈವುಡ್.

ತಾನು ಕೊಂಡ ಯಂತ್ರವನ್ನು ತಾನೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗಾಗಿ ಅಮೆರಿಕದಲ್ಲಿ ಜನ ಕಾನೂನಿನ ಮೊರೆ ಹೋಗಬೇಕಾಗಿದೆ. ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ವಾಹನಗಳ ರಿಪೇರಿ ಹಕ್ಕಿನ ಪರವಾಗಿ ಮತ ಹಾಕಿದರು. ಮರದ ನೆಲದ ಪಿಕಪ್ ಕೊಂಡ ರೈತನಿಗೆ ಅಂಥ ಕಾನೂನು ಬೇಕಿರಲಿಲ್ಲ. ಆ ಹಕ್ಕು ಬೋಲ್ಟಿನ ರೂಪದಲ್ಲಿ ಗಾಡಿಯಲ್ಲೇ ಇತ್ತು. ಅದನ್ನು ಉಳಿಸುವುದೇ ಒಳ್ಳೆಯ ಪುನರುಜ್ಜೀವನ. ಅಂಟು ಹಾಕಿ, ಬೆಸೆದು, ಮತ್ತೆ ಬಿಚ್ಚಲಾಗದಂತೆ ಮಾಡಿದ ನೆಲ ಎಷ್ಟೇ ಚಂದವಿದ್ದರೂ ಮೂಲದ ನೆಲವಲ್ಲ. ಹಲಗೆಯ ಕೆಳಮುಖದಲ್ಲಿ ಮರದ ಹೆಸರು, ಲೇಪದ ಹೆಸರು, ಕಟ್ಟಿದ ವರ್ಷ ಬರೆದಿಡಿ. ನಟ್ಟುಗಳಿಗೆ ಗ್ರೀಸ್ ಹಚ್ಚಿ. ಅಳತೆಯ ಕಾಗದವನ್ನು ಗಾಡಿಯ ದಾಖಲೆಗಳ ಜೊತೆಗೇ ಇಡಿ. ಈ ಹಲಗೆಯೂ ಒಂದು ದಿನ ಹೋಗುತ್ತದೆ. ಆಗ ಸ್ಪ್ಯಾನರ್ ಹಿಡಿದು ಬರುವವರಿಗೆ ಕೆಲಸ ನಿಮಗಾದದ್ದಕ್ಕಿಂತ ಸುಲಭವಾಗಲಿ.